ಬ್ಯಾಟರಿ ಸತ್ತಾಗ ಕಾರಿಗೆ ಜೀವ ತುಂಬುವುದು ಹೇಗೆ?

ಕೀಲಿ ತಿರುಗಿಸಿದರೆ ‘ಟಕ್’ ಎಂಬ ಒಂದೇ ಸದ್ದು. ಇನ್ನೊಮ್ಮೆ ತಿರುಗಿಸಿದರೆ ‘ಟಕ್ ಟಕ್’. ಡ್ಯಾಷ್‌ಬೋರ್ಡಿನ ದೀಪಗಳು ಎಣ್ಣೆ ತೀರಿದ ಹಣತೆಯಂತೆ ಮಂಕಾಗುತ್ತವೆ. ಮೂರನೆಯ ಸಲಕ್ಕೆ ಅದೂ ಇಲ್ಲ. ಕಾರಿನೊಳಗೆ ಕುಳಿತವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಇದು ಮದುವೆ ಛತ್ರದ ಮುಂದೆ ಆಗಬಹುದು, ರೈಲು ನಿಲ್ದಾಣದ ಹೊರಗೆ ಆಗಬಹುದು, ಘಾಟಿ ರಸ್ತೆಯ ಚಹಾದಂಗಡಿಯ ಎದುರೂ ಆಗಬಹುದು. ಎಲ್ಲಿ ಆದರೂ ಐದು ನಿಮಿಷದೊಳಗೆ ನಾಲ್ಕು ಜನ ಸೇರುತ್ತಾರೆ. ‘ತಳ್ಳಿದ್ರೆ ಹೊರಡುತ್ತೆ ಸಾರ್’ ಎನ್ನುತ್ತಾರೆ ಒಬ್ಬರು. ‘ವೈರ್ ಇದ್ಯಾ? ನನ್ನ ಗಾಡಿಯಿಂದ ಕೊಡ್ತೀನಿ’ ಎನ್ನುತ್ತಾರೆ ಇನ್ನೊಬ್ಬರು. ನಮ್ಮ ಜನರ ಈ ಒಳ್ಳೆಯತನ ದೊಡ್ಡದು. ಆದರೆ ಎರಡು ತುಂಡು ವೈರು, ಒಂದಿಷ್ಟು ಆತುರ ಮತ್ತು ಬೀಡಿಯ ಕಿಡಿ ಒಂದೆಡೆ ಸೇರಿದರೆ ಆಗುವ ಅನಾಹುತ ಕಾರಿನದಲ್ಲ, ಕಣ್ಣಿನದು. ಬ್ಯಾಟರಿ ಸಿಡಿದಾಗ ಹೊರಚಿಮ್ಮುವುದು ಗಂಧಕಾಮ್ಲ. ಆಗ ಬಾನೆಟ್ಟಿನೊಳಗೆ ಬಗ್ಗಿ ನೋಡುತ್ತಿರುವ ಮುಖವೇ ಅದಕ್ಕೆ ಎಲ್ಲಕ್ಕಿಂತ ಹತ್ತಿರದಲ್ಲಿರುತ್ತದೆ.

ಒಂದು ಕಾರಿನ ಬ್ಯಾಟರಿಯಿಂದ ಇನ್ನೊಂದು ಕಾರಿಗೆ ವಿದ್ಯುತ್ತು ಸಾಲ ಕೊಡುವ ಈ ಕೆಲಸಕ್ಕೆ ‘ಜಂಪ್ ಸ್ಟಾರ್ಟ್’ ಎಂದು ಹೆಸರು. ಕೆಲಸ ಹತ್ತು ನಿಮಿಷದ್ದು. ಕ್ರಮ ಗೊತ್ತಿದ್ದವರಿಗೆ ಸುಲಭ, ಗೊತ್ತಿಲ್ಲದವರಿಗೆ ಅಪಾಯ.

ನಿಂತ ಕಾರೂ ಕುಡಿಯುತ್ತದೆ

2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಗಳಲ್ಲಿ ಕಾರುಗಳು ವಾರಗಟ್ಟಲೆ ದೂಳು ತಿನ್ನುತ್ತ ನಿಂತವು. ಬೀಗಮುದ್ರೆ ಸಡಿಲವಾದ ಮೇಲೆ ಕೀಲಿ ಹಿಡಿದು ಇಳಿದು ಬಂದ ಎಷ್ಟೋ ಮಂದಿಗೆ ಎದುರಾದದ್ದು ಮೇಲೆ ಹೇಳಿದ ‘ಟಕ್’ ಸದ್ದೇ. ‘ಓಡಿಸಲೇ ಇಲ್ಲ, ಖಾಲಿ ಹೇಗಾಯಿತು?’ ಎಂಬುದು ಎಲ್ಲರ ಪ್ರಶ್ನೆ. ಓಡಿಸದೆ ಇದ್ದುದಕ್ಕೇ ಖಾಲಿಯಾಯಿತು ಎಂಬುದು ಉತ್ತರ.

ಸ್ವಲ್ಪ ಲೆಕ್ಕ ಹಾಕೋಣ. ಈಗಿನ ಕಾರು ಬೀಗ ಹಾಕಿ ನಿಲ್ಲಿಸಿದ ಮೇಲೂ ಪೂರ್ತಿ ನಿದ್ದೆ ಹೋಗುವುದಿಲ್ಲ. ಗಡಿಯಾರ, ಕಳ್ಳರ ಎಚ್ಚರಿಕೆಯ ಗಂಟೆ, ರಿಮೋಟ್ ಕೀಲಿಗಾಗಿ ಕಿವಿ ತೆರೆದು ಕುಳಿತ ರಿಸೀವರ್, ಎಂಜಿನ್ನಿನ ಗಣಕ ಇವೆಲ್ಲ ಸೇರಿ ಸುಮಾರು 30 ಮಿಲಿ ಆಂಪಿಯರ್ ವಿದ್ಯುತ್ತನ್ನು ಹಗಲೂ ರಾತ್ರಿ ಹೀರುತ್ತಿರುತ್ತವೆ ಎಂದಿಟ್ಟುಕೊಳ್ಳಿ. ಇದು ಅತಿ ಚಿಕ್ಕ ಪ್ರವಾಹ. ಆದರೆ ದಿನಕ್ಕೆ 24 ಗಂಟೆ. 30 ದಿನಕ್ಕೆ ಇದು 21.6 ಆಂಪಿಯರ್-ಗಂಟೆ ಆಗುತ್ತದೆ. ಚಿಕ್ಕ ಕಾರುಗಳಲ್ಲಿ ಸಾಮಾನ್ಯವಾಗಿರುವ ಬ್ಯಾಟರಿಯ ಒಟ್ಟು ಸಾಮರ್ಥ್ಯ 35 ಆಂಪಿಯರ್-ಗಂಟೆ. ಅದೂ ಹೊಸದಾಗಿದ್ದಾಗ. ಮೂರು ವರ್ಷ ಹಳೆಯದಾದ ಬ್ಯಾಟರಿಗೆ ಈ ಒಂದು ತಿಂಗಳ ಉಪವಾಸ ಸಾಕು.

ಹೆಡ್‌ಲೈಟ್ ಆರಿಸಲು ಮರೆತರಂತೂ ತಿಂಗಳು ಬೇಡ. 55 ವ್ಯಾಟಿನ ಎರಡು ಬಲ್ಬು, ಹಿಂದಿನ ಕೆಂಪು ದೀಪಗಳು ಎಲ್ಲ ಸೇರಿ ಹತ್ತು ಆಂಪಿಯರ್. ಮೂರೂವರೆ ಗಂಟೆಯಲ್ಲಿ ಹೊಸ ಬ್ಯಾಟರಿಯೂ ಬರಿದು. ಆರತಕ್ಷತೆಗೆ ಹೋಗಿ, ಊಟ ಮುಗಿಸಿ, ತಾಂಬೂಲದ ಚೀಲ ಹಿಡಿದು ಹೊರಬರುವಷ್ಟು ಹೊತ್ತು.

ತಮಾಷೆಯೆಂದರೆ ಎಂಜಿನ್ ಎಬ್ಬಿಸುವ ಕೆಲಸಕ್ಕೆ ಬೇಕಾಗುವ ವಿದ್ಯುತ್ತಿನ ಮೊತ್ತ ಬಹಳ ಕಡಿಮೆ. ಸ್ಟಾರ್ಟರ್ ಮೋಟಾರು 150 ಆಂಪಿಯರ್ ಎಳೆಯುತ್ತದೆ ನಿಜ, ಆದರೆ ಎಳೆಯುವುದು ಎರಡು ಮೂರು ಸೆಕೆಂಡು ಮಾತ್ರ. ಮೂರು ಸೆಕೆಂಡಿನ ಲೆಕ್ಕ ಹಾಕಿದರೆ ಅದು ಒಂದು ಆಂಪಿಯರ್-ಗಂಟೆಯ ಎಂಟನೆಯ ಒಂದು ಭಾಗ. ಒಳಗಿನ ಐದು ವ್ಯಾಟಿನ ಪುಟ್ಟ ದೀಪ ರಾತ್ರಿಯಿಡೀ ಹತ್ತು ಗಂಟೆ ಉರಿದರೆ ಅದರ ಮೂವತ್ತು ಪಟ್ಟಿಗಿಂತ ಹೆಚ್ಚು ತಿಂದುಹಾಕುತ್ತದೆ. ಹೀಗಾಗಿ ‘ಸೆಲ್ಫ್’ ಹೊಡೆಯುವುದು ಒಂದು ಕೊಡ ನೀರನ್ನು ಒಮ್ಮೆಗೇ ದಬಕ್ಕೆಂದು ಸುರಿದಂತೆ. ಬಾಗಿಲು ಸರಿಯಾಗಿ ಮುಚ್ಚದೆ ಉರಿಯುತ್ತಲೇ ಉಳಿದ ದೀಪ ಎಂದರೆ ತೊಟ್ಟಿಕ್ಕುವ ನಲ್ಲಿ. ತೊಟ್ಟಿ ಖಾಲಿಯಾಗುವುದು ನಲ್ಲಿಯಿಂದಲೇ.

ಪೆಟ್ಟಿಗೆಯೊಳಗೆ ಏನಿದೆ?

ಕಾರಿನ ಬ್ಯಾಟರಿ ಹೊಸ ಕಾಲದ ವಸ್ತುವಲ್ಲ. ಫ್ರಾನ್ಸಿನ ಭೌತವಿಜ್ಞಾನಿ ಗ್ಯಾಸ್ಟನ್ ಪ್ಲಾಂಟೆ ಸೀಸದ ಹಾಳೆಗಳನ್ನು ದುರ್ಬಲ ಗಂಧಕಾಮ್ಲದಲ್ಲಿ ಮುಳುಗಿಸಿ ಮತ್ತೆ ಮತ್ತೆ ತುಂಬಿಸಬಹುದಾದ ಮೊದಲ ಬ್ಯಾಟರಿಯನ್ನು ಮಾಡಿದ್ದು 1859ರಲ್ಲಿ. ಆಗ ಕಾರು ಎಂಬುದೇ ಇರಲಿಲ್ಲ. ಕಾರು ಬಂದ ಮೇಲೂ ಬಹುಕಾಲ ಎಂಜಿನ್ ಎಬ್ಬಿಸಲು ಮುಂಭಾಗದಲ್ಲಿ ಹ್ಯಾಂಡಲ್ ತೂರಿಸಿ ಗರಗರ ತಿರುಗಿಸಬೇಕಿತ್ತು. ಎಂಜಿನ್ ಒಮ್ಮೆ ಹಿಂದಕ್ಕೆ ಒದೆದರೆ ತಿರುಗಿಸುವವನ ಮಣಿಕಟ್ಟು ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದಾಗ ಈ ಕಷ್ಟ ತಪ್ಪುತ್ತ ಬಂತು. ನಮ್ಮ ಅಂಬಾಸಿಡರ್ ಮಾತ್ರ ಸೆಲ್ಫ್ ಜೊತೆಗೆ ಹ್ಯಾಂಡಲನ್ನೂ ಬಹಳ ಕಾಲ ಇಟ್ಟುಕೊಂಡಿತ್ತು. ಚಳಿಗಾಲದ ಬೆಳಿಗ್ಗೆ ಚಾಲಕರು ಕಾರಿನ ಮುಂದೆ ಬಗ್ಗಿ ಹ್ಯಾಂಡಲ್ ಹೊಡೆಯುತ್ತಿದ್ದುದನ್ನು ನೋಡಿದವರು ಇನ್ನೂ ಎಷ್ಟೋ ಮಂದಿ ಇದ್ದಾರೆ.

ಪ್ಲಾಂಟೆಯ ಮೂಲ ತತ್ತ್ವ ಇಂದಿಗೂ ಬದಲಾಗಿಲ್ಲ. ಪೆಟ್ಟಿಗೆಯೊಳಗೆ ಆರು ಕೋಣೆಗಳು. ಪ್ರತಿ ಕೋಣೆಯಲ್ಲೂ ಸೀಸದ ಫಲಕಗಳು, ಸೀಸದ ಡೈ ಆಕ್ಸೈಡ್ ಲೇಪಿಸಿದ ಫಲಕಗಳು, ನಡುವೆ ನೀರು ಬೆರೆತ ಗಂಧಕಾಮ್ಲ. ಒಂದು ಕೋಣೆಗೆ ಸುಮಾರು 2.1 ವೋಲ್ಟ್. ಆರೂ ಸೇರಿ 12.6 ವೋಲ್ಟ್. ವಿದ್ಯುತ್ತು ಕೊಡುತ್ತ ಹೋದಂತೆ ಆಮ್ಲದಲ್ಲಿರುವ ಸಲ್ಫೇಟ್ ಫಲಕಗಳಿಗೆ ಅಂಟಿಕೊಂಡು ದ್ರವ ನೀರಾಗುತ್ತ ಬರುತ್ತದೆ. ತುಂಬಿದ ಬ್ಯಾಟರಿಯ ದ್ರವದ ಸಾಪೇಕ್ಷ ಸಾಂದ್ರತೆ 1.26ರಿಂದ 1.28 ಇದ್ದರೆ, ಬರಿದಾದಾಗ 1.12ರ ಸುಮಾರಿಗೆ ಇಳಿಯುತ್ತದೆ. ಚಾರ್ಜಿಂಗ್ ಅಂಗಡಿಯವರು ಗಾಜಿನ ನಳಿಗೆಯಲ್ಲಿ ದ್ರವ ಹೀರಿ ನೋಡುವುದು ಇದನ್ನೇ. ವೋಲ್ಟ್ ಮೀಟರ್ ಇದ್ದರೆ ಇನ್ನೂ ಸುಲಭ. ಎಂಜಿನ್ ನಿಂತಿರುವಾಗ 12.6 ತೋರಿಸಿದರೆ ಹೊಟ್ಟೆ ತುಂಬಿದೆ, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗೆ ಹೋದರೆ ಬರಿದಾದಂತೆಯೇ.

ಇದೇ ಪೆಟ್ಟಿಗೆಗೆ ಹೊರಗಿನಿಂದ ವಿದ್ಯುತ್ತು ತುಂಬಿಸುವಾಗ ಇನ್ನೊಂದು ಕ್ರಿಯೆಯೂ ನಡೆಯುತ್ತದೆ. ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ನೀರಿಗೆ ವಿದ್ಯುತ್ ಹಾಯಿಸಿ ಜಲಜನಕ, ಆಮ್ಲಜನಕಗಳನ್ನು ಬೇರ್ಪಡಿಸಿದ್ದು ನೆನಪಿರಬಹುದು. ಬ್ಯಾಟರಿಯೊಳಗೂ ಅದೇ. ಅದರಲ್ಲೂ ತುಂಬಿದ ಬ್ಯಾಟರಿಗೆ ಇನ್ನೂ ತುಂಬಿದಾಗ ಹಾಗೂ ಬರಿದಾದ ಬ್ಯಾಟರಿಗೆ ಒಮ್ಮೆಲೇ ಭಾರಿ ಪ್ರವಾಹ ನುಗ್ಗಿದಾಗ ಗುಳ್ಳೆ ಗುಳ್ಳೆಯಾಗಿ ಅನಿಲ ಏಳುತ್ತದೆ. ಮುಚ್ಚಳದ ಸಣ್ಣ ಕಿಂಡಿಗಳಿಂದ ಹೊರಬರುತ್ತದೆ. ‘ಮೇಂಟೆನೆನ್ಸ್ ಫ್ರೀ’ ಎಂದು ಬರೆದ ಬ್ಯಾಟರಿಗೂ ಕಿಂಡಿಯೋ ಕವಾಟವೋ ಇದ್ದೇ ಇರುತ್ತದೆ.

ಜಲಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ ನಾಲ್ಕರಿಂದ ಎಪ್ಪತ್ತೈದರವರೆಗೆ ಎಷ್ಟಿದ್ದರೂ ಹೊತ್ತಿಕೊಳ್ಳುತ್ತದೆ. ಅಡುಗೆ ಅನಿಲಕ್ಕೆ ಇಷ್ಟು ದೊಡ್ಡ ಹರವು ಇಲ್ಲ. ಹೊತ್ತಿಸಲು ಬೇಕಾದ ಕಿಡಿಯಂತೂ ತೀರ ಚಿಕ್ಕದು. ಚಳಿಗಾಲದಲ್ಲಿ ಸ್ವೆಟರ್ ಕಳಚುವಾಗ ಚಟಚಟ ಎನ್ನುವ ಕಿಡಿಯೂ ಸಾಕು. ಅದು ಗಾಳಿಗಿಂತ ಹದಿನಾಲ್ಕು ಪಟ್ಟು ಹಗುರ, ಆದ್ದರಿಂದ ಬಯಲಿನಲ್ಲಿ ಬೇಗ ಹಾರಿಹೋಗುತ್ತದೆ ಎಂಬುದೊಂದೇ ಸಮಾಧಾನ. ಆದರೆ ಬ್ಯಾಟರಿಯ ನೆತ್ತಿಯ ಮೇಲೆ, ಕಿಂಡಿಯ ಪಕ್ಕದಲ್ಲೇ ಕಿಡಿ ಹಾರಿದರೆ ಬೆಂಕಿ ಒಳಕ್ಕೇ ನುಗ್ಗುತ್ತದೆ. ಪೆಟ್ಟಿಗೆ ಪಟಾಕಿಯಂತೆ ಒಡೆಯುತ್ತದೆ. ಪ್ಲಾಸ್ಟಿಕ್ ಚೂರು ಮತ್ತು ಆಮ್ಲ ಜೊತೆಯಾಗಿ ಹಾರುತ್ತವೆ.

ಮುಂದೆ ಹೇಳುವ ವಿಧಾನದಲ್ಲಿ ‘ಮೊದಲು ಇದು, ಆಮೇಲೆ ಅದು’ ಎಂಬ ಹಟ ಏಕೆ ಎಂಬುದಕ್ಕೆ ಕಾರಣ ಈ ಜಲಜನಕವೇ.

ನಿಜಕ್ಕೂ ಬ್ಯಾಟರಿಯೇ?

ಕೇಬಲ್ ಹುಡುಕುವ ಮೊದಲು ಬಾನೆಟ್ ಎತ್ತಿ ನೋಡಬೇಕು. ಬ್ಯಾಟರಿಯ ಗುಬುಟುಗಳ ಮೇಲೆ ಬಿಳಿ ಅಥವಾ ನೀಲಿ-ಹಸಿರು ಪುಡಿ ಬೆಳೆದಿದ್ದರೆ, ಹಿಡಿಕೆ ಕೈಯಲ್ಲಿ ಅಲ್ಲಾಡುತ್ತಿದ್ದರೆ, ಬ್ಯಾಟರಿ ಚೆನ್ನಾಗಿಯೇ ಇದ್ದು ಪ್ರವಾಹಕ್ಕೆ ದಾರಿ ಇಲ್ಲದಿರಬಹುದು. ಬಿಗಿ ಮಾಡಿದರೆ ಮುಗಿಯಿತು. ಹೆಡ್‌ಲೈಟ್ ಪ್ರಖರವಾಗಿ ಉರಿಯುತ್ತಿದ್ದು ಸೆಲ್ಫ್ ಹೊಡೆದಾಗಲೂ ಮಂಕಾಗದಿದ್ದರೆ ತಪ್ಪು ಬೇರೆಲ್ಲೋ ಇದೆ. ಎಂಜಿನ್ ಗಿರಗಿರ ತಿರುಗುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲ ಎನ್ನುವುದಾದರೂ ಅಷ್ಟೆ. ಇಂಥ ಕಡೆ ಎಷ್ಟು ಸಾಲ ಕೊಟ್ಟರೂ ಪ್ರಯೋಜನವಿಲ್ಲ.

ಬ್ಯಾಟರಿಯ ಪೆಟ್ಟಿಗೆ ಬಿರುಕು ಬಿಟ್ಟಿದ್ದರೆ, ಉಬ್ಬಿದ್ದರೆ, ಸೋರುತ್ತಿದ್ದರೆ ಅದನ್ನು ಮುಟ್ಟಲೇಬಾರದು. ಲಡಾಖಿನ ಕಡೆ ಕಾರಿನಲ್ಲಿ ಪ್ರವಾಸ ಹೋಗುವವರಿಗೆ ಒಂದು ಮಾತು: ತುಂಬಿದ ಬ್ಯಾಟರಿ ಅಲ್ಲಿನ ಚಳಿಗೆ ಹೆದರುವುದಿಲ್ಲ, ಆದರೆ ಬರಿದಾದದ್ದರಲ್ಲಿ ಬಹುಪಾಲು ನೀರೇ ಇರುವುದರಿಂದ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಅದು ಹೆಪ್ಪುಗಟ್ಟಬಲ್ಲದು. ಹೆಪ್ಪುಗಟ್ಟಿದ ಬ್ಯಾಟರಿಗೆ ಪ್ರವಾಹ ಕೊಟ್ಟರೆ ಒಡೆಯುತ್ತದೆ. ನಮ್ಮ ನಾಡಿನಲ್ಲಿ ಆ ಚಿಂತೆಯಿಲ್ಲ. ನಮ್ಮ ಬ್ಯಾಟರಿಗಳನ್ನು ಕೊಲ್ಲುವುದು ರಾಯಚೂರು, ಕಲಬುರಗಿಯ ಬಿಸಿಲು. ಶಾಖ ಹತ್ತು ಡಿಗ್ರಿ ಏರಿದರೆ ಬ್ಯಾಟರಿಯ ಆಯುಷ್ಯ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕ್ಷೇತ್ರದವರ ಅಂದಾಜು.

ಲಾರಿಯಣ್ಣನ ಉಪಕಾರ

ಹೆದ್ದಾರಿಯಲ್ಲಿ ಕಾರು ನಿಂತಾಗ ಎಲ್ಲರಿಗಿಂತ ಮೊದಲು ನಿಲ್ಲಿಸಿ ಕೇಳುವವರು ಲಾರಿ ಚಾಲಕರು. ‘ಏನಾಯ್ತಣ್ಣ, ಬ್ಯಾಟ್ರಿ ಡೌನಾ? ನಮ್ದರಿಂದ ಕೊಡ್ತೀನಿ ಬಾ’ ಎಂಬ ಮಾತು ಆ ಗಳಿಗೆಯಲ್ಲಿ ಅಮೃತದಂತೆ ಕೇಳುತ್ತದೆ. ಇಲ್ಲಿ ನಯವಾಗಿ ಬೇಡವೆನ್ನಬೇಕು.

ಕಾರಿನದು 12 ವೋಲ್ಟ್. ನಮ್ಮ ಲಾರಿ ಮತ್ತು ಬಸ್ಸುಗಳದು 24 ವೋಲ್ಟ್. 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿರುತ್ತಾರೆ. ವೋಲ್ಟ್ ಎಂದರೆ ಮನೆಯ ಮೇಲಿನ ನೀರಿನ ಟ್ಯಾಂಕಿನ ಎತ್ತರವಿದ್ದಂತೆ. ಎತ್ತರ ಇಮ್ಮಡಿಯಾದರೆ ಕೆಳಗಿನ ನಲ್ಲಿಗೆ ಬೀಳುವ ಒತ್ತಡವೂ ಇಮ್ಮಡಿ. ಕಾರಿನ ಎಂಜಿನ್ ಗಣಕ, ಏರ್‌ಬ್ಯಾಗಿನ ಪೆಟ್ಟಿಗೆ, ಮೀಟರುಗಳು 24 ವೋಲ್ಟನ್ನು ತಡೆದುಕೊಳ್ಳಲಾರವು. ಬ್ಯಾಟರಿ ಕುದಿದು ಸಿಡಿಯಲೂಬಹುದು. ‘ಎರಡರಲ್ಲಿ ಒಂದೇ ಬ್ಯಾಟರಿಯಿಂದ ತೆಗೆದುಕೊಂಡರಾಯಿತಲ್ಲ’ ಎನ್ನುವ ಅನುಭವಿಗಳಿದ್ದಾರೆ. ತತ್ತ್ವದಲ್ಲಿ ಅದು ನಿಜ. ಆದರೆ ಎರಡರಲ್ಲಿ ಲಾರಿಯ ಚಾಸಿಗೆ ಜೋಡಿಸಿದ್ದು ಯಾವುದು ಎಂಬುದನ್ನು ರಾತ್ರಿ ಹತ್ತು ಗಂಟೆಗೆ ಮೊಬೈಲ್ ಬೆಳಕಿನಲ್ಲಿ ಗುರುತಿಸಬೇಕು. ಕೆಂಪು ತಂತಿಯನ್ನು ತಪ್ಪು ಬ್ಯಾಟರಿಗೆ, ಕಪ್ಪನ್ನು ಚಾಸಿಗೆ ಹಾಕಿದರೆ ಮತ್ತೆ ಅದೇ 24. ಆ ಚಾಲಕನಿಂದ ಪಡೆಯಬಹುದಾದ ಒಳ್ಳೆಯ ಉಪಕಾರವೆಂದರೆ ಮುಂದಿನ ಊರಿನವರೆಗೆ ಒಂದು ಸೀಟು.

ಸ್ಕೂಟರಿನ ಬ್ಯಾಟರಿ ಇದಕ್ಕೆ ತದ್ವಿರುದ್ಧ. ಅದೂ 12 ವೋಲ್ಟೇ, ಎತ್ತರ ಸರಿಯಿದೆ, ಆದರೆ ಟ್ಯಾಂಕು ಚೊಂಬಿನಷ್ಟು. 150 ಆಂಪಿಯರ್ ಕೊಡುವ ತಾಕತ್ತು ಅದಕ್ಕಿಲ್ಲ. ಸಾಲ ಕೊಡುವ ಕಾರು ಪಡೆಯುವ ಕಾರಿನಷ್ಟೇ ದೊಡ್ಡದೋ ಇನ್ನೂ ದೊಡ್ಡದೋ ಇದ್ದರೆ ಒಳ್ಳೆಯದು. ಡೀಸೆಲ್ ಎಂಜಿನ್ ಎಬ್ಬಿಸಲು ಪೆಟ್ರೋಲಿಗಿಂತ ಹೆಚ್ಚು ಬಲ ಬೇಕು.

ಕೇಬಲ್ಲಿನ ವಿಷಯದಲ್ಲಿ ಕಂಜೂಸಿ ಬೇಡ. ರಸ್ತೆಬದಿಯಲ್ಲಿ ಸಿಗುವ ಅಗ್ಗದ ಕೇಬಲ್ ನೋಡಲು ಹೆಬ್ಬೆರಳಿನಷ್ಟು ದಪ್ಪ, ಸುಲಿದರೆ ಒಳಗೆ ಕಡ್ಡಿಯಷ್ಟು ತಾಮ್ರ. ಎರಡೂವರೆ ಮೀಟರ್ ಉದ್ದದ ಎರಡು ತಂತಿಗಳಲ್ಲಿ 150 ಆಂಪಿಯರ್ ಹರಿಯುವಾಗ, 16 ಚದರ ಮಿಲಿಮೀಟರಿನ ತಾಮ್ರವಿದ್ದರೆ ದಾರಿಯಲ್ಲಿ ಸೋರಿಹೋಗುವುದು 0.8 ವೋಲ್ಟ್. ತಾಮ್ರ ಬರೀ 4 ಚದರ ಮಿಲಿಮೀಟರ್ ಇದ್ದರೆ 3.2 ವೋಲ್ಟ್. ಕೊಟ್ಟ 12ರಲ್ಲಿ ಕಾಲು ಭಾಗ ಕೇಬಲ್ಲಿಗೇ ನೈವೇದ್ಯ! ಆಗ ಕೇಬಲ್ಲಿನಲ್ಲಿ ಹುಟ್ಟುವ ಶಾಖ 480 ವ್ಯಾಟ್, ಇಸ್ತ್ರಿಪೆಟ್ಟಿಗೆಯ ಅರ್ಧದಷ್ಟು. ಪ್ಲಾಸ್ಟಿಕ್ ಕರಗಿ ಕೈಗೆ ಅಂಟುವುದು ಹೀಗೆಯೇ. ಮನೆಯ ವೈರಿಂಗಿನ ತುಂಡು ತಂತಿಯನ್ನು ಸುತ್ತಿ ಪ್ರಯತ್ನಿಸುವವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಜೋಡಿಸುವ ಕ್ರಮ

ಎರಡೂ ಕಾರುಗಳನ್ನು ಕೇಬಲ್ ಎಟುಕುವಷ್ಟು ಹತ್ತಿರ ನಿಲ್ಲಿಸಬೇಕು, ಆದರೆ ಒಂದಕ್ಕೊಂದು ತಾಗಬಾರದು. ಕಾರಿನ ಕಬ್ಬಿಣದ ಮೈಯೇ ಒಂದು ತಂತಿಯಂತೆ ಕೆಲಸ ಮಾಡುವುದರಿಂದ, ತಾಗಿದರೆ ಅರ್ಧ ಸಂಪರ್ಕ ಆಗಲೇ ಏರ್ಪಟ್ಟುಬಿಡುತ್ತದೆ. ಎರಡೂ ಎಂಜಿನ್ ನಿಂತಿರಲಿ. ಗೇರು ನ್ಯೂಟ್ರಲ್ಲಿನಲ್ಲಿ, ಹ್ಯಾಂಡ್‌ಬ್ರೇಕ್ ಮೇಲೆ. ದೀಪ, ಏಸಿ, ರೇಡಿಯೊ, ಮೊಬೈಲ್ ಚಾರ್ಜರ್ ಎಲ್ಲ ಬಂದ್. ಸುತ್ತ ನಿಂತವರ ಬಾಯಿಯ ಬೀಡಿ ಸಿಗರೇಟೂ ಬಂದ್. ಕತ್ತಲಾಗಿದ್ದರೆ ಟಾರ್ಚ್ ಬಳಸಿ. ಬೆಂಕಿಕಡ್ಡಿ ಗೀರಿ ಬ್ಯಾಟರಿಯೊಳಗೆ ಇಣುಕುವವರು ಇನ್ನೂ ಇದ್ದಾರೆ ಎಂಬುದು ನಂಬಲು ಕಷ್ಟವಾದರೂ ನಿಜ.

ಕೈಯ ಉಂಗುರ, ಲೋಹದ ಪಟ್ಟಿಯ ಗಡಿಯಾರ, ಬಳೆ, ಜೋತಾಡುವ ಸರ ತೆಗೆದಿಡಬೇಕು. 12 ವೋಲ್ಟ್ ಒಣ ಚರ್ಮಕ್ಕೆ ಷಾಕ್ ಹೊಡೆಯುವುದಿಲ್ಲ. ಅದಕ್ಕೇ ಜನರಿಗೆ ಧೈರ್ಯ. ಆದರೆ ಉಂಗುರವೊಂದು ಪ್ಲಸ್ ಗುಬುಟಿಗೂ ಕಾರಿನ ಮೈಗೂ ಸೇತುವೆಯಾದರೆ ಅದರ ಮೂಲಕ ನೂರಾರು ಆಂಪಿಯರ್ ಹರಿದು ಗಳಿಗೆಯಲ್ಲಿ ಕೆಂಪಗೆ ಕಾಯುತ್ತದೆ. ಬೆರಳು ಒಳಗಿರುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಅದಿಲ್ಲದಿದ್ದರೆ ದ್ವಿಚಕ್ರ ವಾಹನದ ಹೆಲ್ಮೆಟ್ ಧರಿಸಿ ಮುಂದಿನ ಗಾಜು ಇಳಿಸಿಕೊಂಡರೂ ನಡೆಯುತ್ತದೆ. ನೋಡಿದವರು ನಗಬಹುದು, ನಗಲಿ.

ಇನ್ನು ಪ್ಲಸ್, ಮೈನಸ್ ಗುರುತಿಸುವುದು. ಕೆಂಪು ಮುಚ್ಚಳವಿರುವುದು ಪ್ಲಸ್ ಎಂದು ನಂಬಿ ಕೈಹಾಕಬಾರದು, ಯಾರೋ ಮೆಕ್ಯಾನಿಕ್ ಮುಚ್ಚಳ ಅದಲು ಬದಲು ಮಾಡಿರಬಹುದು. ಪೆಟ್ಟಿಗೆಯ ಮೇಲೆ ಅಚ್ಚೊತ್ತಿದ + ಮತ್ತು – ಚಿಹ್ನೆಗಳನ್ನೇ ದೂಳು ಒರೆಸಿ ನೋಡಬೇಕು. ಪ್ಲಸ್ ಗುಬುಟು ಮೈನಸ್ಸಿಗಿಂತ ಕೊಂಚ ದಪ್ಪವೂ ಇರುತ್ತದೆ. ಇಲ್ಲಿ ತಪ್ಪಿದರೆ ಎರಡು ಬ್ಯಾಟರಿಗಳೂ ಒಂದಕ್ಕೊಂದು ಜೊತೆಗೂಡಿ ತಮ್ಮ ಬಲವನ್ನೆಲ್ಲ ಆ ಸಣ್ಣ ಸುತ್ತಿನಲ್ಲೇ ಸುರಿಯುತ್ತವೆ. ಫ್ಯೂಸು ಹೋದರೆ ಅದೃಷ್ಟ, ಆಲ್ಟರ್ನೇಟರ್ ಮತ್ತು ಗಣಕ ಹೋದರೆ ಹತ್ತಾರು ಸಾವಿರ ರೂಪಾಯಿ.

ಮೊದಲು ಕೆಂಪು ಕೇಬಲ್ಲಿನ ಒಂದು ಹಿಡಿಕೆಯನ್ನು ಸತ್ತ ಬ್ಯಾಟರಿಯ ಪ್ಲಸ್ಸಿಗೆ ಕಚ್ಚಿಸಿ. ಇನ್ನೊಂದು ತುದಿಯನ್ನು ಎಲ್ಲಿಯೂ ತಾಗಿಸದೆ ಎತ್ತಿ ಹಿಡಿದು ಒಳ್ಳೆಯ ಬ್ಯಾಟರಿಯ ಪ್ಲಸ್ಸಿಗೆ ಕಚ್ಚಿಸಿ. ಆಮೇಲೆ ಕಪ್ಪು ಕೇಬಲ್ಲಿನ ಒಂದು ತುದಿ ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ. ಕಪ್ಪಿನ ಕೊನೆಯ ತುದಿ ಉಳಿಯಿತು. ಇದನ್ನು ಸತ್ತ ಬ್ಯಾಟರಿಯ ಮೈನಸ್ಸಿಗೆ ಹಾಕಲು ಎಲ್ಲರ ಕೈಯೂ ತಾನಾಗಿ ಹೋಗುತ್ತದೆ. ಹಾಕಬಾರದು! ಸತ್ತ ಕಾರಿನ ಎಂಜಿನ್ನಿನ ಮೇಲೆ ಬಣ್ಣವಿಲ್ಲದ, ಗಟ್ಟಿಯಾದ ಲೋಹದ ಭಾಗವೊಂದನ್ನು ಹುಡುಕಿ, ಬ್ಯಾಟರಿಯಿಂದ ಒಂದೂವರೆ ಅಡಿಯಾದರೂ ದೂರದಲ್ಲಿ ಅದಕ್ಕೆ ಕಚ್ಚಿಸಬೇಕು.

ಏಕೆ ಈ ಸುತ್ತುಬಳಸು? ಸಂಪರ್ಕ ಪೂರ್ತಿಯಾಗುವುದು ಕೊನೆಯ ಹಿಡಿಕೆ ತಾಗಿದಾಗ. ಕಿಡಿ ಹಾರುವುದೂ ಆಗಲೇ. ಆ ಕಿಡಿಯನ್ನು ತಪ್ಪಿಸಲಾಗದು, ಆದರೆ ಅದು ಎಲ್ಲಿ ಹಾರಬೇಕು ಎಂಬುದು ನಮ್ಮ ಕೈಯಲ್ಲಿದೆ. ಬ್ಯಾಟರಿಯ ಮೈನಸ್ ತಂತಿ ಹೇಗೂ ಎಂಜಿನ್ನಿಗೂ ಮೈಗೂ ಜೋಡಿಸಿರುವುದರಿಂದ ವಿದ್ಯುತ್ತಿಗೆ ಎರಡೂ ಒಂದೇ, ಜಲಜನಕಕ್ಕೆ ಮಾತ್ರ ಒಂದೇ ಅಲ್ಲ. ಕೆಂಪು ಮೊದಲು ಏಕೆ ಎಂದರೆ, ಕಪ್ಪನ್ನೇ ಮೊದಲು ಜೋಡಿಸಿಬಿಟ್ಟಿದ್ದರೆ ಆಮೇಲೆ ಕೆಂಪು ಹಿಡಿಕೆ ಕೈತಪ್ಪಿ ಎರಡರಲ್ಲಿ ಯಾವ ಕಾರಿನ ಮೈಗೆ ತಾಗಿದರೂ ಷಾರ್ಟ್ ಸರ್ಕೀಟ್. ಕೆಂಪಿನ ಎರಡೂ ತುದಿ ಭದ್ರವಾದ ಮೇಲೆ ಕಪ್ಪು ಕೈಜಾರಿದರೂ ಅಷ್ಟು ಭಯವಿಲ್ಲ.

ಕೊನೆಯ ಹಿಡಿಕೆ ತಾಗಿದಾಗ ಸಣ್ಣ ಚಿಟಿಕೆ ಕಿಡಿ ಸಹಜ. ‘ಚಟಾರ್’ ಎಂದು ದೊಡ್ಡದಾಗಿ ಸಿಡಿದರೆ, ಕೇಬಲ್ ಬಿಸಿಯಾಗತೊಡಗಿದರೆ, ಅಲ್ಲೇ ನಿಲ್ಲಿಸಿ ಎಲ್ಲವನ್ನೂ ಮೊದಲಿನಿಂದ ಪರೀಕ್ಷಿಸಬೇಕು.

ಈಗ ಒಳ್ಳೆಯ ಕಾರನ್ನು ಸ್ಟಾರ್ಟ್ ಮಾಡಿ ಐದು ನಿಮಿಷ ಓಡಲು ಬಿಡಿ. ಈ ಐದು ನಿಮಿಷಕ್ಕೆ ತಾಳ್ಮೆ ಇರುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಸತ್ತ ಬ್ಯಾಟರಿ ಒಂದಿಷ್ಟು ಉಸಿರು ತುಂಬಿಕೊಂಡು, ಸ್ಟಾರ್ಟರಿನ ಭಾರವನ್ನೆಲ್ಲ ಕೇಬಲ್ಲಿನ ಮೇಲೆ ಹೊರಿಸದೆ ತಾನೂ ಹೆಗಲು ಕೊಡುತ್ತದೆ. ಆಮೇಲೆ ಸತ್ತ ಕಾರಿನ ಕೀಲಿ ತಿರುಗಿಸಿ. ಐದಾರು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ಆಗದಿದ್ದರೆ ಒಂದೆರಡು ನಿಮಿಷ ಬಿಟ್ಟು ಮತ್ತೊಮ್ಮೆ. ಮೂರು ನಾಲ್ಕು ಸಲಕ್ಕೂ ಏಳದಿದ್ದರೆ ಬ್ಯಾಟರಿಯ ಒಂದು ಕೋಣೆಯೇ ಕೆಟ್ಟಿರಬಹುದು ಅಥವಾ ದೋಷ ಬೇರೆ ಇರಬಹುದು. ಮೆಕ್ಯಾನಿಕ್ಕನ್ನು ಕರೆಯುವುದು ವಾಸಿ.

ಎಂಜಿನ್ ಎದ್ದಿತು ಎಂಬ ಖುಷಿಯಲ್ಲಿ ಕೇಬಲ್ಲನ್ನು ಎಲ್ಲೆಂದರಲ್ಲಿ ಕೀಳುವವರೇ ಹೆಚ್ಚು. ಹಾಕಿದ್ದರ ಉಲ್ಟಾ ಕ್ರಮದಲ್ಲೇ ತೆಗೆಯಬೇಕು. ಮೊದಲು ಎಂಜಿನ್ನಿಗೆ ಕಚ್ಚಿಸಿದ ಕಪ್ಪು, ನಂತರ ಒಳ್ಳೆಯ ಬ್ಯಾಟರಿಯ ಕಪ್ಪು, ಆಮೇಲೆ ಅದರದೇ ಕೆಂಪು, ಕೊನೆಗೆ ಸತ್ತ ಬ್ಯಾಟರಿಯ ಕೆಂಪು. ತೆಗೆಯುವಾಗಲೂ ಕಿಡಿ ಹಾರುತ್ತದೆ, ಮತ್ತು ಈಗ ಎರಡೂ ಬ್ಯಾಟರಿಗಳು ಚಾರ್ಜ್ ಆಗುತ್ತಿದ್ದು ಅನಿಲ ಮೊದಲಿಗಿಂತ ಹೆಚ್ಚು ಎದ್ದಿರುತ್ತದೆ. ಎಂಜಿನ್ ಓಡುತ್ತಿರುವುದರಿಂದ ಬೆಲ್ಟು, ಫ್ಯಾನುಗಳ ಹತ್ತಿರ ಕೇಬಲ್, ಸೆರಗು, ದುಪಟ್ಟಾ ಸುಳಿಯದಂತೆ ನೋಡಿಕೊಳ್ಳಬೇಕು. ರೇಡಿಯೇಟರ್ ಫ್ಯಾನು ಯಾವಾಗ ಬೇಕಾದರೂ ತಾನಾಗಿ ತಿರುಗಬಹುದು.

ಆಮ್ಲ ಚಿಮ್ಮಿತೆಂದರೆ ಮದ್ದು ನೀರೊಂದೇ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಹದಿನೈದು ಇಪ್ಪತ್ತು ನಿಮಿಷ ಎಡೆಬಿಡದೆ ಶುದ್ಧ ನೀರು ಸುರಿದು, ನಂತರ ನೇರ ಆಸ್ಪತ್ರೆಗೆ. ಕಾರಿನಲ್ಲಿ ಸದಾ ಎರಡು ಬಾಟಲಿ ನೀರಿದ್ದರೆ ಒಳ್ಳೆಯದು. ಅಡುಗೆ ಸೋಡ ಆಮ್ಲವನ್ನು ತಟಸ್ಥಗೊಳಿಸುತ್ತದೆ ಎಂಬುದು ನಿಜ, ಅದನ್ನು ಕಾರಿನ ಮೇಲೆ, ನೆಲದ ಮೇಲೆ ಹಾಕಬಹುದು. ಕಣ್ಣಿಗೆ ಮಾತ್ರ ಎಂದೂ ಹಾಕಬಾರದು.

ತಳ್ಳಿದರೆ ಆಗದೇ?

ಕಾರ್ಬುರೇಟರ್ ಕಾಲದ ಕಾರುಗಳಿಗೆ ತಳ್ಳುವುದೇ ರಾಜಮಾರ್ಗವಾಗಿತ್ತು. ಎರಡನೇ ಗೇರಿನಲ್ಲಿಟ್ಟು, ಕ್ಲಚ್ ಒತ್ತಿ, ನಾಲ್ವರು ತಳ್ಳಿ ವೇಗ ಬಂದಾಗ ಕ್ಲಚ್ ಬಿಟ್ಟರೆ ಎಂಜಿನ್ ಏಳುತ್ತಿತ್ತು. ಈಗಿನ ಕಾರಿನಲ್ಲಿ ಇಂಧನದ ಪಂಪು, ಇಂಜೆಕ್ಟರು, ಗಣಕ ಎಲ್ಲಕ್ಕೂ ವಿದ್ಯುತ್ ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಊರ ಸುತ್ತ ತಳ್ಳಿದರೂ ಏಳದು. ಕೊಂಚ ಜೀವವಿದ್ದರೆ ಎದ್ದೀತು. ಆಟೊಮ್ಯಾಟಿಕ್ ಗೇರಿನ ಕಾರನ್ನಂತೂ ತಳ್ಳಿ ಎಬ್ಬಿಸಲು ಬರುವುದಿಲ್ಲ. ತಳ್ಳುವಾಗ ಬ್ರೇಕಿಗೂ ಸ್ಟಿಯರಿಂಗಿಗೂ ಎಂಜಿನ್ನಿನ ನೆರವು ಇರುವುದಿಲ್ಲ ಎಂಬುದನ್ನು ಇಳಿಜಾರಿನಲ್ಲಿ ಮರೆಯಬಾರದು.

ವಿದ್ಯುತ್ ಕಾರುಗಳಲ್ಲೂ ದೊಡ್ಡ ಬ್ಯಾಟರಿಯ ಜೊತೆಗೆ 12 ವೋಲ್ಟಿನ ಪುಟ್ಟ ಬ್ಯಾಟರಿ ಸಾಮಾನ್ಯವಾಗಿ ಇರುತ್ತದೆ. ಅದು ಸತ್ತರೆ ದೊಡ್ಡದರಲ್ಲಿ ಮುನ್ನೂರು ಕಿಲೋಮೀಟರಿನ ಶಕ್ತಿಯಿದ್ದರೂ ಕಾರು ಕದಲುವುದಿಲ್ಲ. ದೊಡ್ಡ ಬ್ಯಾಟರಿಯ ಬಾಗಿಲು ತೆರೆಯುವ ಸ್ವಿಚ್ಚು ಕೆಲಸ ಮಾಡುವುದೇ ಆ ಪುಟ್ಟದರ ಬಲದಿಂದ! ಇಂಥ ಕಾರಿಗೆ, ಹೈಬ್ರಿಡ್ ಕಾರಿಗೆ, ಬ್ಯಾಟರಿಯನ್ನು ಸೀಟಿನ ಕೆಳಗೋ ಡಿಕ್ಕಿಯಲ್ಲೋ ಇಟ್ಟಿರುವ ಕಾರಿಗೆ ಎಲ್ಲಿ ಕಚ್ಚಿಸಬೇಕು, ಅವುಗಳಿಂದ ಇನ್ನೊಂದಕ್ಕೆ ಸಾಲ ಕೊಡಬಹುದೇ ಎಂಬುದನ್ನು ಆಯಾ ಕಾರಿನ ಕೈಪಿಡಿಯೇ ಹೇಳಬೇಕು. ಕೊಡಬಾರದು ಎಂದೇ ಅನೇಕ ಕೈಪಿಡಿಗಳು ಹೇಳುತ್ತವೆ. ಆ ಕೈಪಿಡಿ ಕೊಂಡ ದಿನದ ಪ್ಲಾಸ್ಟಿಕ್ ಚೀಲದಲ್ಲೇ ಡ್ಯಾಷ್‌ಬೋರ್ಡಿನ ಗೂಡಿನಲ್ಲಿ ಮಲಗಿರುತ್ತದೆ. ಆಯುಧಪೂಜೆಯಂದು ಕಾರಿಗೆ ಕುಂಕುಮ, ಹೂವು, ನಿಂಬೆಹಣ್ಣು ಎಲ್ಲ ಆಗುತ್ತದೆ. ಅಂದಾದರೂ ಪುಸ್ತಕವನ್ನು ತೆರೆದು ಒಂದು ಪುಟ ಓದಿ, ಬಾನೆಟ್ ಎತ್ತಿ ಗುಬುಟುಗಳ ಪುಡಿ ತೊಳೆದು ವ್ಯಾಸಲೀನ್ ಸವರಿದರೆ ಪೂಜೆಗೇನೂ ಕಡಿಮೆಯಾಗದು.

ಇತ್ತೀಚೆಗೆ ಅಂಗೈ ಅಗಲದ ಲಿಥಿಯಂ ಸ್ಟಾರ್ಟರುಗಳು ಬಂದಿವೆ. ಇನ್ನೊಂದು ಕಾರಿನ ಹಂಗಿಲ್ಲ. ಪ್ಲಸ್ ಮೈನಸ್ ತಪ್ಪಾದರೆ ವಿದ್ಯುತ್ ಬಿಡದ ಏರ್ಪಾಡು ಒಳ್ಳೆಯವುಗಳಲ್ಲಿ ಇರುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಅದನ್ನು ಬಿಡುವುದು ಸರಿಯಲ್ಲ, ಮತ್ತು ಅದನ್ನೂ ಆಗಾಗ ಚಾರ್ಜ್ ಮಾಡಿಡಬೇಕು.

ಸಾಲ ತೀರಿಸುವುದು

ಎದ್ದ ಎಂಜಿನ್ನನ್ನು ಮನೆಯ ಮುಂದೆ ಐದು ನಿಮಿಷ ಓಡಿಸಿ ಆರಿಸಿದರೆ ಮರುದಿನ ಬೆಳಿಗ್ಗೆ ಮತ್ತೆ ‘ಟಕ್’. ನಿಂತಲ್ಲೇ ಓಡುವಾಗ ಆಲ್ಟರ್ನೇಟರ್ ನಿಧಾನವಾಗಿ ತಿರುಗುತ್ತದೆ, ಹುಟ್ಟುವ ವಿದ್ಯುತ್ತಿನ ಬಹುಪಾಲು ಎಂಜಿನ್ನಿನ ಖರ್ಚಿಗೇ ಹೋಗುತ್ತದೆ. ಏಸಿ, ದೀಪಗಳನ್ನು ಹಾಕದೆ ಅರ್ಧ ಮುಕ್ಕಾಲು ಗಂಟೆ ರಸ್ತೆಯಲ್ಲಿ ಓಡಿಸಿದರೆ ಮರುದಿನ ಎಬ್ಬಿಸುವಷ್ಟು ಸೇರುತ್ತದೆ. ಪೂರ್ತಿ ತುಂಬಬೇಕೆಂದರೆ ಚಾರ್ಜಿಂಗ್ ಅಂಗಡಿಯಲ್ಲೋ ಮನೆಯ ಚಾರ್ಜರಿನಲ್ಲೋ ಒಂದು ರಾತ್ರಿ ಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಕಾಣಬೇಕು. 12ರ ಆಸುಪಾಸಿನಲ್ಲೇ ಇದ್ದರೆ ತಪ್ಪು ಬ್ಯಾಟರಿಯದಲ್ಲ, ಆಲ್ಟರ್ನೇಟರಿನದು. ಹೊಸ ಬ್ಯಾಟರಿ ಹಾಕಿದರೆ ಅದೂ ಎರಡು ದಿನಕ್ಕೆ ಮಲಗುತ್ತದೆ.

ಬರಿದಾದ ಬ್ಯಾಟರಿಯನ್ನು ಹಾಗೆಯೇ ವಾರಗಟ್ಟಲೆ ಬಿಟ್ಟರೆ ಫಲಕಗಳಿಗೆ ಅಂಟಿದ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಮತ್ತೆ ಕರಗುವುದಿಲ್ಲ. ಆಗ ಎಷ್ಟು ತುಂಬಿದರೂ ಬಿರುಕು ಬಿಟ್ಟ ಮಡಕೆಯೇ. ಅಂಥದ್ದನ್ನು ಬದಲಾಯಿಸುವಾಗ ಹಳೆಯದನ್ನು ಗುಜರಿಯವನಿಗೆ ಕೊಡದೆ ಹೊಸದನ್ನು ಕೊಳ್ಳುವ ಅಂಗಡಿಗೇ ಹಿಂತಿರುಗಿಸಬೇಕು. 2001ರಿಂದಲೇ ಇದಕ್ಕೆ ಕೇಂದ್ರ ಸರ್ಕಾರದ ನಿಯಮವಿತ್ತು, 2022ರಲ್ಲಿ ಅದರ ಜಾಗಕ್ಕೆ ಹೊಸ ನಿಯಮ ಬಂದಿದೆ. ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಹಿತ್ತಲಿನ ಒಲೆಯಲ್ಲಿ ಅದನ್ನು ಕರಗಿಸುವ ಕಡೆ ಹೊಗೆಯೂ ಮಣ್ಣೂ ವಿಷವಾಗಿ, ಅಲ್ಲಿ ಆಡುವ ಮಕ್ಕಳ ರಕ್ತಕ್ಕೆ ಸೇರುತ್ತದೆ. ಅಂಗಡಿಯವರು ಹಳೆಯದಕ್ಕೆ ತಕ್ಕ ಬೆಲೆ ಹಿಡಿದು ಹೊಸದರ ದರದಲ್ಲಿ ಕಳೆಯುತ್ತಾರೆ. ಕೇಳಬೇಕಷ್ಟೆ.